ವರದಿಯ ಅಂಕಿ, ಊರಿನ ಶಾಲೆ

ಬಿ.ಎಡ್. ಓದುವಾಗ ನಮ್ಮ ತಲೆಮಾರಿನವರು ಶಿಕ್ಷಣ ಆಯೋಗಗಳ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. 1854ರ ವುಡ್ಸ್ ಡಿಸ್ಪ್ಯಾಚ್, 1882ರ ಹಂಟರ್ ಆಯೋಗ, 1929ರ ಹಾರ್ಟೋಗ್ ಸಮಿತಿ, 1944ರ ಸಾರ್ಜೆಂಟ್ ಯೋಜನೆ, 1964-66ರ ಕೊಠಾರಿ ಆಯೋಗ. ಪರೀಕ್ಷೆ ಮುಗಿದೊಡನೆ ಅವನ್ನು ಮರೆತವರೇ ಹೆಚ್ಚು. ಆದರೆ ಊರಿನ ಶಾಲೆಗೆ ಎಷ್ಟು ಹಣ, ಎಷ್ಟು ಮಂದಿ ಮಾಸ್ತರರು ಎಂಬುದು ಕೊನೆಗೆ ನಿಲ್ಲುತ್ತಿದ್ದುದು ಇಂತಹ ವರದಿಗಳ ಮೇಲೆಯೇ. ಸರಕಾರ ತನ್ನ ಖರ್ಚಿನಲ್ಲಿ ಕಲೆಹಾಕಿಸಿದ ಒಂದೇ ಅಂಕಿಯನ್ನು ಎರಡು ಬಗೆಯಾಗಿ ಓದಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯ ಇತಿಹಾಸವೇ ಸಾಕ್ಷಿ. ಅದನ್ನು ಇಲ್ಲಿ ನೆನೆಯಬೇಕೆನಿಸಿದೆ.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ 1956ರವರೆಗೆ ಕಾರವಾರ, ಅಂಕೋಲೆಗಳ ಶಾಲೆಗಳ ನಿಯಮಗಳು ಮುಂಬಯಿಯಲ್ಲಿಯೇ ರೂಪುಗೊಂಡವು. ಆ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಖಾಸಗಿ ಶಾಲೆಗಳಿಗೆ ‘ಫಲಿತಾಂಶಕ್ಕೆ ತಕ್ಕ ಅನುದಾನ’ ಎಂಬ ಪದ್ಧತಿಯಿತ್ತು. ತಪಾಸಣಾಧಿಕಾರಿ ಬಂದು ಮಕ್ಕಳನ್ನು ಪರೀಕ್ಷಿಸುವುದು, ತೇರ್ಗಡೆಯಾದವರ ಲೆಕ್ಕದಲ್ಲಿ ಹಣ ಕೊಡುವುದು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಹಿಂದುಳಿದ ಮಗುವಿಗೆ ಹೆಚ್ಚು ಸಮಯ ಕೊಟ್ಟ ಮಾಸ್ತರನಿಗೆ ಅದರಿಂದ ನಷ್ಟವೇ. ಈ ಪದ್ಧತಿಯನ್ನು ಕೈಬಿಡಲು ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಕಾಯಬೇಕಾಯಿತು.

1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಅದರ ಜೀವಾಳ ಇದ್ದುದು ಹಣದ ಹಂಚಿಕೆಯಲ್ಲಿ. ಕಡ್ಡಾಯ ಶಿಕ್ಷಣದ ವೆಚ್ಚದಲ್ಲಿ ಮೂರನೆಯ ಒಂದು ಪಾಲನ್ನು ಸ್ಥಳೀಯ ಸಂಸ್ಥೆಯೂ ಉಳಿದೆರಡು ಪಾಲನ್ನು ಸರಕಾರವೂ ಹೊರಬೇಕು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನವಿರುವ ತಂದೆಯಿಂದ ಶುಲ್ಕ ತೆಗೆದುಕೊಳ್ಳಬಾರದು. 1912ರ ಮಾರ್ಚಿನಲ್ಲಿ ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರ ವಾದಗಳಲ್ಲಿ ಹಣದ ಕೊರತೆಯೂ ಒಂದಾಗಿತ್ತು.

ಮುಂದೆ ಸೈಮನ್ ಆಯೋಗದ ಅಂಗವಾಗಿ ನೇಮಕಗೊಂಡ ಸರ್ ಫಿಲಿಪ್ ಹಾರ್ಟೋಗರ ಸಮಿತಿ 1929ರಲ್ಲಿ ವರದಿ ಕೊಟ್ಟಿತು. ಅದರಲ್ಲಿದ್ದ ಒಂದು ಲೆಕ್ಕ ದೇಶವನ್ನೇ ಬೆಚ್ಚಿಬೀಳಿಸಿತು. 1922-23ರಲ್ಲಿ ಒಂದನೆಯ ಇಯತ್ತೆಯಲ್ಲಿದ್ದ ಪ್ರತಿ 100 ಮಕ್ಕಳಲ್ಲಿ 1925-26ರ ವೇಳೆಗೆ ನಾಲ್ಕನೆಯ ಇಯತ್ತೆಯಲ್ಲಿ ಉಳಿದವರು 18 ಮಾತ್ರ. ಸಮಿತಿ ಇದಕ್ಕೆ ‘ಅಪವ್ಯಯ ಮತ್ತು ಸ್ಥಗಿತತೆ’ ಎಂಬ ಹೆಸರು ಕೊಟ್ಟಿತು. ಹೊಸ ಶಾಲೆಗಳನ್ನು ಹೆಚ್ಚಿಸುವುದಕ್ಕಿಂತ ಇರುವವನ್ನು ಗಟ್ಟಿಮಾಡಿರಿ ಎಂದು ಸಲಹೆ ನೀಡಿತು. ವೆಚ್ಚ ತಗ್ಗಿಸಲು ನೆಪ ಹುಡುಕುತ್ತಿದ್ದ ಆಡಳಿತಕ್ಕೆ ಇದು ಅನುಕೂಲವಾಗಿ ಒದಗಿತು.

ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ಮಕ್ಕಳು ಏಕೆ ಶಾಲೆ ಬಿಡುತ್ತಾರೆ ಎಂಬುದನ್ನು ಬರಿಯ ಅಂಕಿ ಹೇಳುವುದಿಲ್ಲ. ನಮ್ಮ ಬಾಲ್ಯದಲ್ಲಿ ಈ ಕರಾವಳಿಯಲ್ಲಿ ರಂಪಣಿ ಬಲೆಯ ಕಾಲವಿನ್ನೂ ಮುಗಿದಿರಲಿಲ್ಲ. ಮಳೆಗಾಲ ಕಳೆದು ಬಂಗಡೆ ಮೀನು ದಡಕ್ಕೆ ಬಂತೆಂದರೆ ಬಲೆ ಎಳೆಯಲು ಕೇರಿಗೆ ಕೇರಿಯೇ ಇಳಿಯುತ್ತಿತ್ತು. ತರಗತಿಯ ಅರ್ಧ ಮಣೆಗಳು ಖಾಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಒಂದು ತಿಂಗಳು ತಪ್ಪಿದ ಮಗು ಮರಳಿ ಬಂದಾಗ ಪಾಠ ಬಹಳ ಮುಂದೆ ಹೋಗಿರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅದು ಗೈರು, ವರದಿಯಲ್ಲಿ ಅಪವ್ಯಯ. ಆ ಮನೆಗಳಿಗೋ ಅದು ವರ್ಷದ ಅನ್ನ.

ಹಾರ್ಟೋಗ್ ವರದಿಯ ವಾದವನ್ನು ಗಟ್ಟಿಯಾಗಿ ಪ್ರಶ್ನಿಸಿದವರು ಮುಂಬಯಿ ಪ್ರಾಂತದವರೇ ಎಂಬುದು ಹೆಮ್ಮೆಯ ಸಂಗತಿ. ಆರ್.ವಿ. ಪರುಳೇಕರರು ಮೊದಲು ಎಲ್ಲರಿಗೂ ಶಾಲೆ ಸಿಗಲಿ ಎಂದು ವಾದಿಸಿದರು. 1930ರ ದಶಕದಲ್ಲಿ ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದ್ದ ಜೆ.ಪಿ. ನಾಯಕರು 1943ರಲ್ಲಿ ಸೈಯದ್ ನೂರುಲ್ಲಾ ಅವರೊಡನೆ ಬರೆದ ಭಾರತೀಯ ಶಿಕ್ಷಣದ ಇತಿಹಾಸದಲ್ಲಿ ಇದೇ ನಿಲುವನ್ನು ಎತ್ತಿಹಿಡಿದರು. ಹಳ್ಳಿಗಳು ಚದುರಿದ ದೇಶದಲ್ಲಿ ಏಕೋಪಾಧ್ಯಾಯ ಶಾಲೆ ಅನಿವಾರ್ಯ, ಅದನ್ನು ಮುಚ್ಚುವ ಬದಲು ಸುಧಾರಿಸಬೇಕು ಎಂಬುದು ಅವರ ಮತ.

ನಮ್ಮ ಅಂಕೋಲೆಯ ದಿನಕರ ದೇಸಾಯಿಯವರೂ ಈ ಸಾಲಿಗೆ ಸೇರಿದವರು. ಚುಟುಕುಗಳ ಕವಿಯೆಂದು ಅವರನ್ನು ಎಲ್ಲರೂ ಬಲ್ಲರು. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ಅವರು 1938ರಲ್ಲಿ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರೆಂಬುದು ಅನೇಕರಿಗೆ ತಿಳಿಯದು. ರೈತ ಚಳವಳಿಗಾಗಿ 1940ರಲ್ಲಿ ಜಿಲ್ಲೆಯಿಂದ ಗಡೀಪಾರಾದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಪ್ರೌಢಶಾಲೆಗಳ ಸಾಲನ್ನೇ ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ಅಂಕೋಲೆಯ ಕಾಲೇಜಿಗೆ ಗೋಖಲೆಯವರ ಹೆಸರಿಟ್ಟರು. 1912ರಲ್ಲಿ ದೊರೆಗಳು ತಳ್ಳಿಹಾಕಿದ ಮಾತು ಹೀಗೆ ನಮ್ಮ ಜಿಲ್ಲೆಯಲ್ಲಿ ಗೋಡೆ-ಮಾಡುಗಳಾಗಿ ನಿಂತಿತು.

ಸ್ವಾತಂತ್ರ್ಯದ ನಂತರ ಎಣಿಕೆಯ ರೀತಿಯೂ ಬದಲಾಯಿತು. 1957ರ ಮೊದಲ ಅಖಿಲ ಭಾರತ ಶೈಕ್ಷಣಿಕ ಸಮೀಕ್ಷೆ ಪ್ರತಿ ಜನವಸತಿಗೂ ಶಾಲೆ ಎಷ್ಟು ದೂರ ಎಂದು ಕೇಳಿತು. ದೂರವನ್ನು ಅಳೆಯುವುದೂ ಸುಲಭವಲ್ಲ. ಕೋಡಿಬಾಗದಲ್ಲಿ ನಿಂತರೆ ಕಾಳಿ ನದಿಯಾಚೆ ಸದಾಶಿವಗಡ ಕಣ್ಣೆದುರಿಗೇ ಕಾಣುತ್ತದೆ. ಸೇತುವೆಯಾಗುವ ಮುನ್ನ ಆಚೆ ಹೋಗಲು ಲಾಂಚು ಕಾಯಬೇಕಿತ್ತು. ಮಳೆಗಾಲದ ಹೊಳೆಯನ್ನು ನಕ್ಷೆಯ ಮೇಲಿನ ಅಡಿಪಟ್ಟಿ ಅಳೆಯಲಾರದು.

ಇಂತಹ ಎಣಿಕೆಗಳಿಂದ ಒಳಿತೂ ಆಗಿದೆ. ಒಬ್ಬರೇ ಶಿಕ್ಷಕರಿರುವ ಶಾಲೆಗಳ ಸಂಖ್ಯೆ ಕಣ್ಣಿಗೆ ಬಿದ್ದುದರಿಂದ 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಎರಡನೆಯ ಶಿಕ್ಷಕರನ್ನು ಕೊಡಲು ಹೊರಟಿತು. 2009ರ ಶಿಕ್ಷಣ ಹಕ್ಕು ಕಾಯಿದೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಲೇಬೇಕೆಂದು ಬರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದೇ ಬಗೆಯ ಅಂಕಿಗಳನ್ನು ಕೊಡುತ್ತದೆ: 2016-17ರಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳು, ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು 28 ಶೇಕಡಾದಲ್ಲಿ 30ಕ್ಕಿಂತ ಕಡಿಮೆ ಮಕ್ಕಳು. ಆದರೆ ಅಲ್ಲಿ ಅವು ಸಣ್ಣ ಶಾಲೆಗಳನ್ನು ಗುಂಪುಗೂಡಿಸಬೇಕೆಂಬ ವಾದಕ್ಕೆ ಆಧಾರ. ಒಂದೇ ಅಂಕಿ ಒಮ್ಮೆ ಶಾಲೆಗೆ ಶಿಕ್ಷಕರನ್ನು ತರುತ್ತದೆ, ಇನ್ನೊಮ್ಮೆ ಶಾಲೆಯನ್ನೇ ದೂರ ಒಯ್ಯುತ್ತದೆ.

ಹಣದ ಮಾತಿಗೆ ಬಂದರೆ, ಜೆ.ಪಿ. ನಾಯಕರೇ ಸದಸ್ಯ-ಕಾರ್ಯದರ್ಶಿಯಾಗಿದ್ದ ಕೊಠಾರಿ ಆಯೋಗ 1985-86ರ ವೇಳೆಗೆ ರಾಷ್ಟ್ರೀಯ ವರಮಾನದ 6 ಶೇಕಡಾ ಶಿಕ್ಷಣಕ್ಕೆ ಸಲ್ಲಬೇಕೆಂದಿತ್ತು. 2020ರ ನೀತಿಯೇ ಒಪ್ಪಿಕೊಂಡಂತೆ 2017-18ರಲ್ಲಿ ಸರಕಾರಗಳ ವೆಚ್ಚ ಒಟ್ಟು ದೇಶೀಯ ಉತ್ಪನ್ನದ 4.43 ಶೇಕಡಾದಷ್ಟಿತ್ತು. ಮಕ್ಕಳು ಶಾಲೆ ಬಿಟ್ಟರೆ ಅಪವ್ಯಯವೆಂದು ಹೆಸರಿಟ್ಟವರು, ಸರಕಾರ ಕೊಡದೆ ಉಳಿಸಿಕೊಂಡ ಹಣಕ್ಕೆ ಹೆಸರನ್ನೇ ಇಡಲಿಲ್ಲ.

ಸೇವೆಯಲ್ಲಿದ್ದಾಗ ಸೆಪ್ಟೆಂಬರ್ 30ರ ದಿನಾಂಕಕ್ಕೆ ಮಕ್ಕಳ ಲೆಕ್ಕ ತುಂಬಿ ಕಳಿಸಿದವರಲ್ಲಿ ನಾನೂ ಒಬ್ಬ. ಆ ಕಾಗದ ಮೇಲಕ್ಕೆ ಹೋಗುತ್ತದೆ, ಅಂಕಿಯಾಗುತ್ತದೆ, ಆದೇಶವಾಗಿ ಕೆಳಗಿಳಿಯುತ್ತದೆ. ನಡುವೆ ಊರವರು ಅದನ್ನು ನೋಡುವುದೇ ಅಪರೂಪ. ಡಾ. ರಾಜಾರಾಮಣ್ಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಎಸ್.ಡಿ.ಎಂ.ಸಿ.ಗಳು ಬಂದವು. ಸರಕಾರಿ ವರದಿಯೊಂದು ತಾಯಿತಂದೆಯರಿಗೆ ಶಾಲೆಯಲ್ಲಿ ಕುರ್ಚಿ ಹಾಕಿಕೊಟ್ಟ ಅಪರೂಪದ ಉದಾಹರಣೆಯಿದು. ಆ ಕುರ್ಚಿಯಲ್ಲಿ ಕುಳಿತವರು ಬಿಸಿಯೂಟದ ಅಕ್ಕಿ, ಸುಣ್ಣಬಣ್ಣಗಳ ಲೆಕ್ಕದ ಜೊತೆಗೆ ಇದನ್ನೂ ಕೇಳಲಿ: ನಮ್ಮ ಶಾಲೆಯ ಬಗ್ಗೆ ಯಾವ ಅಂಕಿ ಬರೆದು ಕಳಿಸಿದ್ದೀರಿ? ಮಕ್ಕಳು ಕಡಿಮೆಯಾಗಿದ್ದರೆ ಕಾರಣವನ್ನು ಯಾರಾದರೂ ಬರೆದಿದ್ದಾರೆಯೆ? ಶಾಲೆ ಮುಚ್ಚಿತೆಂಬ ಸುದ್ದಿ ಬಂದ ಮೇಲೆ ಕೇಳುವುದಕ್ಕಿಂತ ಈಗಲೇ ಕೇಳುವುದು ಲೇಸು.