ಒಂದೇ ಹೆಸರಿನ ಎರಡು ಊರು

ನಾನು ಈ ಶಾಲೆಯಲ್ಲಿ 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಹುಬ್ಬಳ್ಳಿಯಲ್ಲಿ ಬಿ.ಇ. ಓದಿ, 2011ರಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸ್ಮರಣ ಸಂಚಿಕೆಗೆ ಕಂಪ್ಯೂಟರ್ ಕುರಿತು ಬರೆಯುವೆನೆಂದು ಗುರುಗಳು ಭಾವಿಸಿರಬಹುದು. ಆದರೆ ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತವರು ನನ್ನನ್ನು ಕೇಳುವ ಪ್ರಶ್ನೆಯೇ ಬೇರೆ: “ಬೆಂಗಳೂರಾಗ ಕನ್ನಡ ಮಾತಾಡ್ತಾರೇನಪಾ?”

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರು ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಿದ್ದರು. ಒಂದು ಸಂಜೆ ಅಡ್ಡಾಡಿ ಬರುತ್ತೇನೆಂದು ಹೊರಗೆ ಹೋದವರನ್ನು ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ತಡೆದ. ಅವನು ಹಿಂದಿಯಲ್ಲಿ ಮನೆ ನಂಬರು ಕೇಳಿದ. ಇವರು ಕನ್ನಡದಲ್ಲಿ ನನ್ನ ಹೆಸರು ಹೇಳಿದರು. ನಾನು ಕೆಲಸ ಮುಗಿಸಿ ಬರುವ ತನಕ ಅರ್ಧ ಗಂಟೆ ಅವರು ಗೇಟಿನ ಪಕ್ಕದ ಕುರ್ಚಿಯ ಮೇಲೆ ಕೂತಿದ್ದರು. ಆ ಹುಡುಗನನ್ನು ದೂರಲಾರೆ, ಅವನೂ ಹೊಟ್ಟೆಪಾಡಿಗೆ ದೂರದಿಂದ ಬಂದವನು. ರಾತ್ರಿ ಊಟಕ್ಕೆ ಕೂತಾಗ ತಂದೆಯವರು ಒಂದೇ ಮಾತು ಕೇಳಿದರು: “ತಮ್ಮಾ, ನಾ ಯಾವ ರಾಜ್ಯಕ್ಕ ಬಂದೀನೋ?”

ಇದಕ್ಕೆಲ್ಲ ನಮ್ಮ ಐ.ಟಿ. ಕಂಪನಿಗಳೇ ಕಾರಣ ಎಂದು ನಾನೂ ನಂಬಿದ್ದೆ. ಇತಿಹಾಸದ ಪುಸ್ತಕಗಳನ್ನು ತಿರುವಿದ ಮೇಲೆ ಅದು ಅರ್ಧ ಸತ್ಯವೆಂದು ತಿಳಿಯಿತು. (ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದವನು ಇದನ್ನು ಹೇಳುತ್ತಿರುವುದಕ್ಕೆ ಗುರುಗಳು ಕ್ಷಮಿಸಬೇಕು.)

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆಯೊಳಗಿನ ಒಂದು ಪೇಟೆ. ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆ ಎಂಬ ಹೆಸರುಗಳೇ ಅಲ್ಲಿ ಏನು ಮಾರುತ್ತಿದ್ದರೆಂದು ಹೇಳುತ್ತವೆ. ಅದು ಸುತ್ತಲಿನ ಹಳ್ಳಿಗಳ ಬೆಳೆ ಬಂದು ಸೇರುವ ಊರು. ನಮ್ಮ ಗದಗಿನ ಪೇಟೆಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇದ್ದಿರಲಾರದು.

ವ್ಯತ್ಯಾಸ ಶುರುವಾದದ್ದು 1809ರಲ್ಲಿ. ಟಿಪ್ಪು ಮಡಿದ ನಂತರ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರಕ್ಕೆ ಸಿಪಾಯಿಗಳು ನಲುಗಿದ್ದರಿಂದ ಅದನ್ನು ಬೆಂಗಳೂರಿನ ಹಲಸೂರು ಕಡೆಗೆ ಸಾಗಿಸಿದರು. ಅದೇ ಕಂಟೋನ್ಮೆಂಟ್, ಜನರ ಬಾಯಲ್ಲಿ ದಂಡು. ಸೈನ್ಯ ಮದ್ರಾಸಿನದು. ಅದರ ಬೆನ್ನಿಗೆ ತಮಿಳು, ತೆಲುಗು, ಉರ್ದು ಮಾತಾಡುವ ಸಿಪಾಯಿಗಳು, ವ್ಯಾಪಾರಿಗಳು, ಅಡುಗೆಯವರು, ಕುಶಲಕರ್ಮಿಗಳು ಬಂದರು. ಮೇಲಿನವರದು ಇಂಗ್ಲಿಷ್. ಪೇಟೆಯಿಂದ ಸ್ವಲ್ಪ ದೂರದಲ್ಲೇ ಪೇಟೆಯ ಭಾಷೆ ಬೇಕಾಗದ ಇನ್ನೊಂದು ಊರು ಎದ್ದಿತು.

1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆಗಳಾದವು. 1870ರಲ್ಲಿ ಎರಡರ ನಡುವೆ ಕಬ್ಬನ್ ಪಾರ್ಕ್ ಬಂತು. ಇಂದಿಗೂ ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಎಂ.ಜಿ. ರಸ್ತೆಗೆ ಹೋಗುವಾಗ ನಡುವೆ ಅದೇ ಪಾರ್ಕು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ಬ್ರಿಟಿಷರು ದಂಡನ್ನು ಬಿಟ್ಟುಕೊಡಲಿಲ್ಲ. ಮಹಾರಾಜರ ರಾಜ್ಯದ ಮಧ್ಯದಲ್ಲೇ ಮಹಾರಾಜರ ಆಡಳಿತವಿಲ್ಲದ ಅರ್ಧ ಊರು! ಅದು ಹಿಂತಿರುಗಿದ್ದು 1947ರಲ್ಲಿ. ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಂದರೆ ಆಡಳಿತದ ಲೆಕ್ಕದಲ್ಲಿ ಒಂದೇ ಬೆಂಗಳೂರು ನಮ್ಮ ಅಜ್ಜಂದಿರಿಗಿಂತ ಚಿಕ್ಕದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ರೈಲು. ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ, ಅಂದರೆ ಮದ್ರಾಸಿನ ಕಡೆಯಿಂದ. ಅದು ಬಂದು ನಿಂತದ್ದು ದಂಡಿನ ನಿಲ್ದಾಣದಲ್ಲಿ. ಮೈಸೂರಿಗೆ ರೈಲು ಹೋಗಲು 1882ರವರೆಗೆ ಕಾಯಬೇಕಾಯಿತು. ತನ್ನ ರಾಜ್ಯದ ಅರಮನೆಯ ಊರಿಗಿಂತ ಹದಿನೆಂಟು ವರ್ಷ ಮೊದಲೇ ಈ ಊರು ಹೊರಗಿನವರಿಗೆ ಹತ್ತಿರವಾಗಿತ್ತು.

ಆಗ ನಾವೆಲ್ಲಿದ್ದೆವು? ಧಾರವಾಡ ಸೀಮೆಯವರು ಮುಂಬಯಿ ಪ್ರಾಂತದಲ್ಲಿ, ಕಲಬುರಗಿಯವರು ನಿಜಾಮನ ಕೈಕೆಳಗೆ, ಮಂಗಳೂರಿನವರು ಮದ್ರಾಸಿನಲ್ಲಿ. ನಮ್ಮ ಅಜ್ಜ ದುಡಿಯಲು ಹೋದದ್ದು ಸೊಲ್ಲಾಪುರದ ಗಿರಣಿಗೆ. ಅವರ ಬಾಯಲ್ಲಿ ದೊಡ್ಡ ಊರೆಂದರೆ ಮುಂಬಯಿ. 1956ರಲ್ಲಿ ನಾಡು ಒಂದಾದಾಗ ಬೆಂಗಳೂರು ನಮಗೂ ರಾಜಧಾನಿಯಾಯಿತು, ಆದರೆ ಪರಿಚಯವೇ ಇರಲಿಲ್ಲ. ಕಾಗದದ ಮೇಲೆ ಬೀಗರಾದೆವು. ಹೋಗಿಬರುವುದು ನಿಧಾನವಾಗಿ ಶುರುವಾಯಿತು.

ಮುಂದಿನದು ನಿಮಗೆ ಗೊತ್ತಿರುವುದೇ. 1909ರ ವಿಜ್ಞಾನ ಸಂಸ್ಥೆ, 1940ರ ಎಚ್‌ಎಎಲ್, ನಂತರ ಐಟಿಐ, ಎಚ್‌ಎಂಟಿ, ಬಿಇಎಲ್, ಎಲೆಕ್ಟ್ರಾನಿಕ್ ಸಿಟಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ಇಂಗ್ಲಿಷ್ ಬಲ್ಲ, ಹೊರಗಿನವರಿಗೆ ಒಗ್ಗಿಹೋದ ಊರು ಸಿದ್ಧವಾಗಿಯೇ ಇತ್ತು. ನನ್ನ ಸಂಬಳದಲ್ಲೂ ಆ ದಂಡಿನ ಒಂದು ಪಾಲಿದೆ ಎಂದು ಒಪ್ಪಿಕೊಳ್ಳಲೇಬೇಕು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು ಮೂರರಲ್ಲಿ ಇಬ್ಬರ ಮಾತೃಭಾಷೆ ಕನ್ನಡ. ಬೆಂಗಳೂರು ನಗರ ಜಿಲ್ಲೆಯಲ್ಲಿ ಅದು ಅರ್ಧದಷ್ಟೂ ಇಲ್ಲ.

ಆದರೆ ಪೇಟೆ ಸತ್ತಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಇಂದಿಗೂ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ನಮ್ಮ ಕಡೆಯ ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವ ಹಿಂದೂಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೇಟಿನ ಪ್ರಸಂಗದ ನಂತರದ ವಾರ ಕಾರ್ತಿಕದ ಕಡೆಯ ಸೋಮವಾರ ಬಂತು. ತಂದೆಯವರನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋದೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ಹೊಸ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುತ್ತಿದ್ದ ಪದ್ಧತಿ ಅದು. ಆ ಹಳ್ಳಿಗಳು ಇಂದು ಬಡಾವಣೆಗಳಾಗಿವೆ, ಪರಿಷೆ ಉಳಿದಿದೆ. ಹೆಸರು ಕೇಳಿ ತಂದೆಯವರು ಕಡ್ಲಿಯ ಜಾತ್ರೆ ಎಂದುಕೊಂಡಿದ್ದರು. ರಸ್ತೆಯುದ್ದಕ್ಕೂ ಶೇಂಗಾದ ರಾಶಿ ಕಂಡು ನಕ್ಕುಬಿಟ್ಟರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಒಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಯಿ ಒಡೆದು ಬೀಜ ನೋಡಿ, ಮಾರುವ ಅಜ್ಜಿಯೊಡನೆ ಚೌಕಾಸಿ ನಡೆಸಿದರು. ಅವರ ಕನ್ನಡ ಆಕೆಗೆ ಪೂರ್ತಿ ತಿಳಿಯಲಿಲ್ಲ, ಆಕೆಯದು ಇವರಿಗೆ ತಿಳಿಯಲಿಲ್ಲ. ವ್ಯಾಪಾರ ಮಾತ್ರ ಸರಿಯಾಗಿ ಕುದುರಿತು. “ಇದು ನಮ್ಮ ಊರ ಜಾತ್ರಿನ ಬಿಡು” ಎಂದರು.

ಎರಡು ಸೇರು ಶೇಂಗಾ ಚೀಲಕ್ಕೆ ಹಾಕಿಕೊಂಡು ರಾತ್ರಿ ರೈಲಿಗೆ ಊರಿಗೆ ಹೊರಟರು. ಶೇಂಗಾ ಬೆಳೆಯುವ ಊರಿಗೇ ಶೇಂಗಾ! ಬೆಂಗಳೂರಿನಲ್ಲೇ ಹುಟ್ಟಿದ ನನ್ನ ಮಗಳು ಅದನ್ನು ಕಡಲೆಕಾಯಿ ಎನ್ನುತ್ತಾಳೆ. ಅಜ್ಜನ ಫೋನು ಬಂದಾಗ ಮಾತ್ರ ಶೇಂಗಾ.