ಮೀನುಮರಿಯ ಮೊದಲ ತುತ್ತು

'ಹುಟ್ಟಿಸಿದ ದೇವರು ಹುಲ್ಲು ಮೇಯಿಸದೆ ಇರುತ್ತಾನೆಯೇ' ಎಂಬ ಗಾದೆಯನ್ನು ಕೇಳದವರು ವಿರಳ. ಆದರೆ ಮೊಟ್ಟೆಯೊಡೆದು ಬಂದ ಗೆಂಡೆಮೀನಿನ ಮರಿಗೆ ಮೇಯುವುದಕ್ಕೆ ಬಾಯಿಯೇ ತೆರೆದಿರುವುದಿಲ್ಲ. ಆ ಬಾಯಿ ತೆರೆಯುವ ಗಳಿಗೆಯನ್ನು ಮನುಷ್ಯನು ಅರಿತುಕೊಂಡ ಬಗೆಯೇ ಒಂದು ದೀರ್ಘ ಚರಿತ್ರೆ.

ಈ ಚರಿತ್ರೆಯ ಮೊದಲ ಪುಟ ನಮ್ಮ ನಾಡಿನದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಇಲ್ಲದವು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರವೆಂಬುದನ್ನೂ ಅಲ್ಲಿ ಹೇಳಿದೆ. ಗಾಳ ಹಾಕುವ ಅರಸನಿಗೆ ಬೇಕಾದುದು ಬೆಳೆದ ಮೀನು. ಮರಿಯ ಚಿಂತೆ ಅಲ್ಲಿಲ್ಲ.

ಏಳು ಶತಮಾನಗಳ ತರುವಾಯ ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿಯು ದಖ್ಖನಿನ ನದಿಗಳ ಮೀನುಗಳನ್ನು ಸಂಗ್ರಹಿಸಿ, 1839ರಲ್ಲಿ ಅವುಗಳ ವರ್ಣನೆಯನ್ನು ಪ್ರಕಟಿಸಿದನು. ಕೋಲಸ್, ನುಕ್ತಾ, ಸಾಂಡಖೋಲ್ ಮುಂತಾದ ಬೆಸ್ತರ ಹೆಸರುಗಳನ್ನೇ ಶಾಸ್ತ್ರೀಯ ನಾಮಗಳಾಗಿ ಉಳಿಸಿದ್ದು ಅವನ ಹಿರಿಮೆ. ನುಕ್ತಾ ಮೀನಿನ ಮೂತಿ ಕೊಂಬಿನಂತೆ ಮುಂಚಾಚಿದೆ. ಬಾಯಿ ಮಾತ್ರ ಅದರ ಕೆಳಗೆ. ಬಾಯಿಯ ಆಕಾರ ನೋಡಿದರೆ ಆಹಾರದ ನೆಲೆ ತಿಳಿಯುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖವಾದ್ದರಿಂದ ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ; ಮೃಗಾಲ್ ತಳದಲ್ಲಿ ಮೇಯುತ್ತದೆ.

ಮರಿಯಲ್ಲಿ ಈ ಭೇದವಿನ್ನೂ ಮೂಡಿರುವುದಿಲ್ಲ. ಮೊದಲ ಎರಡು ಮೂರು ದಿನ ಅದು ಹೊಟ್ಟೆಗಂಟಿದ ಹಳದಿ ಲೋಳೆಯ ಚೀಲದಿಂದಲೇ ಬದುಕುತ್ತದೆ. ಅಷ್ಟರಲ್ಲಿ ಮೃದ್ವಸ್ಥಿಯ ಎಳೆಯ ಕಂಬಿಗಳು ದವಡೆಯಾಗಿ ಕೂಡಿಕೊಂಡು, ಸ್ನಾಯುಗಳು ಬಲಿತು, ಬಾಯಿ ತೆರೆಯುತ್ತದೆ. ಎಲುಬು ಕಟ್ಟುವುದು ಆಮೇಲೆ. ಗೆಂಡೆಯ ಕುಲಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆದುದರಿಂದ ಅದು ಕಚ್ಚುವುದಿಲ್ಲ, ಹೀರುತ್ತದೆ: ಬಾಯಿಯ ತಳವನ್ನು ಕೆಳಕ್ಕಿಳಿಸಿದೊಡನೆ ನೀರಿನೊಂದಿಗೆ ಪ್ಲವಕಜೀವಿಯೂ ಒಳನುಗ್ಗುತ್ತದೆ. ಆದರೆ ಅರ್ಧ ಅಂಗುಲವೂ ಇಲ್ಲದ ಮರಿಗೆ ನೀರು ನಮಗಿದ್ದಂತೆ ತೆಳುವಲ್ಲ, ಜೇನಿನಂತೆ ಜಿಗುಟು. ಬೇಟೆ ಕಣ್ಣೆದುರಿದ್ದರೂ ಹೀರಲಾರದೆ ಮರಿ ಹಸಿವಿನಿಂದ ಸಾಯಬಹುದೆಂದು 2014ರಲ್ಲಿ ಇಬ್ಬರು ಇಸ್ರೇಲಿ ವಿಜ್ಞಾನಿಗಳು ಕಡಲ ಮೀನಿನ ಮರಿಗಳಲ್ಲಿ ತೋರಿಸಿದರು. ಮೊದಲ ತುತ್ತಿನ ಕಾಲದಲ್ಲಿ ಆಹಾರ ದೊರೆಯುವುದೋ ಇಲ್ಲವೋ ಎಂಬುದರ ಮೇಲೆ ಮೀನಿನ ಸಮೃದ್ಧಿ ನಿಂತಿದೆಯೆಂದು ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿಯೇ ಊಹಿಸಿದ್ದನು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಶಾಸ್ತ್ರದಿಂದ ಸಂಸಾರಕ್ಕಿಳಿದದ್ದು 1957ರ ಜುಲೈ 10ರಂದು. ಅಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿಯವರು ಪಿಟ್ಯುಟರಿ ಗ್ರಂಥಿಯ ಸತ್ತ್ವವನ್ನು ಚುಚ್ಚಿ ಗೆಂಡೆಮೀನಿನಿಂದ ಮೊಟ್ಟೆಯಿಡಿಸಿದರು. ಅದಕ್ಕೆ ಮುನ್ನ ಮೀನುಸಾಕಣೆಯವರು ಪ್ರವಾಹದ ಹೊಳೆಯಿಂದ ಮರಿಗಳನ್ನು ಬಾಚಿ ತರಬೇಕಾಗಿತ್ತು. ಆ ಬಳಿಕ ಲಕ್ಷಾಂತರ ಮರಿಗಳು ಕೈಸೇರಿದವು. ಅವುಗಳ ಬಾಯಿ ತೆರೆಯುವ ಹೊತ್ತಿಗೆ ಕೊಳಕ್ಕೆ ಗೊಬ್ಬರವಿಟ್ಟು ಪ್ಲವಕ ಬೆಳೆಸಿರುವುದು ಸಾಕುವವನ ಹೊಣೆಯಾಯಿತು.

ಕೊಳದಲ್ಲಿ ಮನುಷ್ಯನು ಹೊರುವ ಈ ಹೊಣೆಯನ್ನು ಹೊಳೆಯಲ್ಲಿ ಮಳೆಗಾಲ ಹೊರುತ್ತದೆ. ಆಚಾರ್ಯ ಶಾಂತಿಸಾಗರರ ಊರೆಂದು ಹೆಸರಾದ ಭೋಜದ ಬಳಿ ದೂಧಗಂಗಾ, ವೇದಗಂಗಾ ನದಿಗಳು ಕೂಡುತ್ತವೆ. ಇಂಥ ಸಂಗಮದಲ್ಲಿ ನೆರೆ ದಡ ಮೀರಿದಾಗ, ಹರಡಿ ನಿಂತ ತೆಳುನೀರಿನಲ್ಲಿ ಪ್ಲವಕ ಹುಟ್ಟುತ್ತದೆ. ಅದೇ ಮರಿಗಳ ತೊಟ್ಟಿಲು. ಇಂದು ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ, ವೇದಗಂಗೆಗೆ ಪಾಟಗಾವಿಯಲ್ಲಿ ಅಣೆಕಟ್ಟುಗಳಿವೆ. ನೀರು ಬಿಡುವ ದಿನವನ್ನು ಗೊತ್ತುಮಾಡುವಾಗ ನಾವು ಕಬ್ಬನ್ನು ನೆನೆಯುತ್ತೇವೆ, ಅದು ತಪ್ಪಲ್ಲ. ಆದರೆ ಎರಡು ಮೂರು ದಿನದ ಬುತ್ತಿ ಮುಗಿದು ಮೊದಲ ಬಾರಿಗೆ ಬಾಯ್ದೆರೆಯುವ ಜೀವವೊಂದು ಆ ನೀರಿನಲ್ಲಿದೆ. ಅದಕ್ಕೆ ಎರಡನೆಯ ಅವಕಾಶವಿಲ್ಲವೆಂಬುದನ್ನೂ ನೆನೆಯುವುದು ಧರ್ಮ.