ತಾಳೆಯಾಗುವ ತನಕ

ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಹೋದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿವೆ ಎಂದು ಅನುಮಾನ. 4,572 ಬರೆಯುವ ಕಡೆ 4,752 ಬರೆದಿದ್ದರೆ ಅಂತರ 180. ಒಂಬತ್ತರಿಂದ ಭಾಗಿಸಿದರೆ 20. ಅಂದರೆ ಕೆಟ್ಟಿರುವುದು ಹತ್ತರ ಮತ್ತು ನೂರರ ಸ್ಥಾನದಲ್ಲಿ. ಅಲ್ಲಿರುವ ಅಂಕಿಗಳ ನಡುವಿನ ಅಂತರ ಎರಡು. ಇಷ್ಟು ಗೊತ್ತಾದ ಮೇಲೆ ದಪ್ಪ ಖಾತೆಪುಸ್ತಕದಲ್ಲೂ ಹುಡುಕಬೇಕಾದ ಸಾಲುಗಳು ಸ್ವಲ್ಪವೇ. ಒಂಬತ್ತಕ್ಕೆ ಹೋಗಲಿಲ್ಲವೋ, ಎರಡರಿಂದ ಭಾಗಿಸಿ: ಆ ಮೊತ್ತದ ಒಂದು ನಮೂದು ಜಮೆಯ ಕಡೆ ಹೋಗುವ ಬದಲು ಖರ್ಚಿನ ಕಡೆ ಕೂತಿರಬಹುದು.

ಇಂಥ ಉಪಾಯ ಕಟ್ಟಿದವರಿಗೆ, ಬರೆಯುವವನ ಮನಸ್ಸು ಎಲ್ಲಿ, ಹೇಗೆ ಜಾರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಜಾರಬೇಡ ಎಂದು ಅವರು ಬುದ್ಧಿ ಹೇಳಲಿಲ್ಲ. ಜಾರಿದ ಜಾಗವನ್ನು ಬೇಗ ಹಿಡಿಯುವ ದಾರಿ ಮಾಡಿಟ್ಟರು.

ನಾನು ಚಾರ್ಟರ್ಡ್ ಅಕೌಂಟೆಂಟ್. ಬೆಂಗಳೂರಿನ ಹೊಸಕೆರೆಹಳ್ಳಿಯ ಕೆರೆಕೋಡಿ ಕಡೆ ಮೊದಲ ಮಹಡಿಯಲ್ಲಿ ನನ್ನ ಆಫೀಸು. ನಲವತ್ತು ದಾಟಿದ ಮೇಲೆ ವೈದ್ಯರು ನನಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಇದೆ ಎಂದರು. ಅಲ್ಲಿಂದೀಚೆಗೆ ನಮ್ಮ ಕಸುಬಿನ ಚರಿತ್ರೆ ಓದುವುದು ನನಗೊಂದು ಚಟವಾಗಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಿದೆ: ಲೆಕ್ಕ ಬರೆಯುವ ಕಸುಬು ಮನುಷ್ಯನ ಗಮನವನ್ನು ಎಂದೂ ನಂಬಿದ್ದಲ್ಲ.

ನಮ್ಮ ಕಡತವನ್ನೇ ನೋಡಿ. ಬಟ್ಟೆಗೆ ಹುಣಿಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಎರಡು ತುದಿಗೆ ಮರದ ರಟ್ಟು ಕೂರಿಸುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ ಎಂಟಂಗುಲದಿಂದ ಒಂದಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಶೃಂಗೇರಿ ಮಠದಲ್ಲಿ ಕಡತಗಳ ದೊಡ್ಡ ಸಂಗ್ರಹವೇ ಇದೆ. ಅಳಿಸಬಹುದಾದ ಲೆಕ್ಕಪುಸ್ತಕ ಎಂದರೆ ಇಂದಿನ ಆಡಿಟರ್ ಹೌಹಾರಿಯಾನು. ನನಗೆ ಮಾತ್ರ ಅದು ಮಡಿಸಿಟ್ಟ ರೀತಿಯಲ್ಲಿ ಜಾಣತನ ಕಾಣುತ್ತದೆ. ಹದಿನೆಂಟು ಅಡಿ ಲೆಕ್ಕ ಎದುರಿಗಿದ್ದರೂ ಒಂದು ಹೊತ್ತಿಗೆ ತೆರೆದಿರುವುದು ಒಂದೆರಡು ಮಡಿಕೆ ಮಾತ್ರ. ನನ್ನ ಕಂಪ್ಯೂಟರಿನಲ್ಲಿ ಈಗ ಎಷ್ಟು ಕಿಟಕಿ ತೆರೆದಿವೆ ಎಂದು ಕೇಳಬೇಡಿ.

ಪೇಟೆಯ ಗುಮಾಸ್ತರಿಗೆ ಮೂರು ಹಂತವಿತ್ತು. ಬಂದದ್ದನ್ನು ಬಂದ ಹಾಗೆ ಗೀಚುವುದಕ್ಕೆ ಚಿಟ್ಟಾ, ದಿನದ ಕೊನೆಗೆ ಅದನ್ನು ಒಪ್ಪವಾಗಿ ಇಳಿಸುವುದಕ್ಕೆ ಕಿರ್ದಿ, ಅದರಿಂದ ಒಬ್ಬೊಬ್ಬರ ಹೆಸರಿಗೆ ಹಾಕುವುದಕ್ಕೆ ಖಾತೆ. ವೆನಿಸ್‌ನಲ್ಲಿ 1494ರಲ್ಲಿ ಲೂಕಾ ಪಚೋಲಿ ಅಚ್ಚು ಹಾಕಿಸಿದ ಗಣಿತದ ಹೊತ್ತಗೆಯಲ್ಲೂ ವ್ಯಾಪಾರಿಗೆ ಹೇಳಿದ್ದು ಇವೇ ಮೂರು ಪುಸ್ತಕ. ಅಂಗಡಿಯ ಗಲಾಟೆಯಲ್ಲಿ ಯಾರೂ ನೆಟ್ಟಗೆ ಲೆಕ್ಕ ಬರೆಯಲಾರರು ಎಂಬುದನ್ನು ವೆನಿಸ್ಸಿನವರೂ ಬೆಂಗಳೂರಿನ ತರಗುಪೇಟೆಯವರೂ ಒಪ್ಪಿಕೊಂಡಿದ್ದರು. ಗೀಚುವ ಹೊತ್ತು ಬೇರೆ, ಯೋಚಿಸುವ ಹೊತ್ತು ಬೇರೆ. ಎಡಿಎಚ್‌ಡಿ ಇರುವವರಿಗೆ ಇಂದಿನ ಸಲಹೆಗಾರರು ಮೊದಲು ಕಲಿಸುವುದೂ ಇದನ್ನೇ. ತಲೆಯಲ್ಲಿ ಇಟ್ಟುಕೊಳ್ಳಬೇಡ, ಮೊದಲು ಎಲ್ಲಾದರೂ ಗೀಚಿಬಿಡು, ವಿಂಗಡಿಸುವುದು ಆಮೇಲೆ.

ನಾನು ಕೂತಿರುವ ಜಾಗದ ಲೆಕ್ಕವನ್ನೂ ಒಂದು ಕಾಲಕ್ಕೆ ಶಾನುಭೋಗರೇ ಬರೆಯುತ್ತಿದ್ದರು. ಇಲ್ಲಿನ ಹಳೆಯ ಕ್ರಯಪತ್ರ ತೆಗೆದರೆ ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಹೊಸಕೆರೆಹಳ್ಳಿ ಗ್ರಾಮ ಎಂದೇ ಇರುತ್ತದೆ. ಬನಶಂಕರಿ ಮೂರನೇ ಹಂತವೂ ರಿಂಗ್ ರಸ್ತೆಯೂ ಆಮೇಲೆ ಬಂದವು. ತರಿ, ಖುಷ್ಕಿ, ಬಾಗಾಯ್ತು ಎಂದು ಜಮೀನು ವಿಂಗಡಿಸಿ, ಯಾರ ಬಾಕಿ ಎಷ್ಟು ಎಂದು ಬರೆದಿಡುವುದು ಶಾನುಭೋಗಿಕೆ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಿನವರು ಕೂತು ಆ ಲೆಕ್ಕಗಳನ್ನು ತಾಳೆ ನೋಡುತ್ತಿದ್ದರು. ಬರೆದವನೇ ಪರೀಕ್ಷಿಸಿದರೆ ಸಾಲದು ಎಂಬ ನಿಯಮ ನಮ್ಮ ಬ್ಯಾಂಕುಗಳಿಗಿಂತ ಹಳೆಯದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಗ್ರಾಮಲೆಕ್ಕಿಗರು ಬಂದರು. ಹೋದದ್ದಕ್ಕೆ ಅಳುವಂಥದ್ದೇನೂ ಅದರಲ್ಲಿರಲಿಲ್ಲ. ಒಂದೇ ಮನೆಯ ಕೈಯಲ್ಲಿ ಊರಿನ ಲೆಕ್ಕವೆಲ್ಲ ಇದ್ದರೆ ಏನಾಗುತ್ತದೆಂದು ರೈತರಿಗೆ ಗೊತ್ತಿತ್ತು.

ಬ್ಯಾಂಕಿನ ವಿಷಯಕ್ಕೆ ಬರೋಣ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, ಮಂಗಳೂರಿನಲ್ಲಿ ಕೆನರಾ ಬ್ಯಾಂಕು, 1913ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕು: ಈ ರಾಜ್ಯದಲ್ಲಿ ಬ್ಯಾಂಕ್ ಗುಮಾಸ್ತಿಕೆಯೇ ಒಂದು ಸಂಸ್ಕೃತಿ. ನಮ್ಮಪ್ಪನೂ ಆ ಕುಲದವರೇ. ಆಗ ಬ್ಯಾಂಕುಗಳ ವರ್ಷ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಅದು ಮಾರ್ಚ್ 31ಕ್ಕೆ ಬದಲಾದದ್ದು 1989ರಲ್ಲಿ. ಹಾಗಾಗಿ ನನ್ನ ಬಾಲ್ಯದಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಅಪ್ಪ ಮನೆಯಲ್ಲಿದ್ದ ನೆನಪೇ ಇಲ್ಲ. ತಾಳೆಯಾಗುವ ತನಕ ಯಾರೂ ಏಳುವಂತಿಲ್ಲ. ಎಂಟಾಣೆ ವ್ಯತ್ಯಾಸಕ್ಕೆ ಇಡೀ ಶಾಖೆ ಕೂತಿರುತ್ತಿತ್ತಂತೆ. 'ಎಂಟಾಣೆ ನಾನೇ ಕೊಟ್ಟುಬಿಡ್ತೀನಿ ಅಂದ್ರೂ ಮ್ಯಾನೇಜರು ಬಿಡ್ತಿರಲಿಲ್ಲ' ಎಂದು ಅಪ್ಪ ನಗುತ್ತಿದ್ದರು. ಬಿಡದಿದ್ದುದು ಸರಿ. ಎಂಟಾಣೆ ನಿವ್ವಳ ವ್ಯತ್ಯಾಸದ ಹಿಂದೆ ಹತ್ತು ಸಾವಿರದ ಎರಡು ತಪ್ಪು ಒಂದನ್ನೊಂದು ನುಂಗಿ ಕೂತಿರಬಹುದು.

ಅಲ್ಲಿನ ಮುಖ್ಯ ಸಾಧನ ಕಾಲಿಂಗ್ ಓವರ್. ಒಬ್ಬರು ವೋಚರ್ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಲೆಡ್ಜರಿನಲ್ಲಿ ಬೆರಳಿಟ್ಟು ಗುರುತು ಹಾಕುವುದು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಈ ಕಸುಬಿನ ತರಬೇತಿಯಾದ ಆರ್ಟಿಕಲ್‌ಶಿಪ್ ಮಾಡುವಾಗಲೂ ಚಿಕ್ಕಪೇಟೆಯ ಜವಳಿ ಅಂಗಡಿಗಳ ಆಡಿಟ್ಟಿನಲ್ಲಿ ಇದು ಇತ್ತು. ಸೀನಿಯರ್ ಓದುತ್ತಿದ್ದರು: 'ಸಾವಿರದ ಇನ್ನೂರ ಮೂವತ್ತೆಂಟು, ಸಾಗಾಣಿಕೆ.' ನಾನು ಹಸಿರು ಪೆನ್ಸಿಲಿನಲ್ಲಿ ಗೀಟು ಎಳೆದು 'ಹ್ಞೂಂ' ಅನ್ನಬೇಕು. ಆ 'ಹ್ಞೂಂ' ಬರದೆ ಅವರು ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಪ್ರತಿ ಕಚೇರಿಗೂ ತನ್ನದೇ ಗುರುತು: ಮೊತ್ತ ಕೂಡಿದ್ದಕ್ಕೆ ಒಂದು, ರಸೀದಿ ನೋಡಿದ್ದಕ್ಕೆ ಇನ್ನೊಂದು, ಖಾತೆಗೆ ಇಳಿದದ್ದಕ್ಕೆ ಮತ್ತೊಂದು. ಮಧ್ಯೆ ಕಾಫಿಗೆ ಎದ್ದು ಬಂದರೂ ಹಸಿರು ಗೀಟು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಿದರಾಯಿತು. ಓದುವವರು ಎದುರಿಗಿದ್ದಾರೆ, ಬೆರಳು ಕಾಗದದ ಮೇಲಿದೆ, ಬಾಯಿ ಉತ್ತರ ಕೊಡಬೇಕು. ಮನಸ್ಸು ಹಾರಿಹೋಗಲು ಸಂದಿಯೇ ಇರಲಿಲ್ಲ. ಆ ಮೂರು ವರ್ಷ ನನ್ನಲ್ಲಿ ಏನೋ ಕೊರತೆಯಿದೆ ಎಂದು ಯಾರಿಗೂ, ನನಗೂ, ಅನಿಸಲಿಲ್ಲ.

ಆ ಹೊತ್ತಿಗಾಗಲೇ ಇದೆಲ್ಲ ಹೋಗುವ ಕಾಲ ಬಂದಿತ್ತು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ಬ್ಯಾಂಕುಗಳಿಗೆ ಯಂತ್ರ ತರಲು ವರದಿ ಕೊಟ್ಟಿತು. ಕೆಲಸ ಹೋಗುತ್ತದೆಂದು ನೌಕರರ ಸಂಘಗಳು ಗಲಾಟೆ ಮಾಡಿದವು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಶುರು ಮಾಡಿದ ತಂತ್ರಾಂಶ ಮುಂದೆ ಟ್ಯಾಲಿ ಎಂದು ಮನೆಮಾತಾಗಿ, ಅವರ ಕಂಪನಿ ಬೆಂಗಳೂರಿನದೇ ಆಯಿತು. ಜಮೆಗೂ ಖರ್ಚಿಗೂ ಹೊಂದದಿದ್ದರೆ ಆ ತಂತ್ರಾಂಶ ವೋಚರನ್ನೇ ಒಪ್ಪುವುದಿಲ್ಲ. ಒಂಬತ್ತರ ಉಪಾಯದ ಅರ್ಧ ಕೆಲಸ ಹೋಯಿತು. ತಾಳೆ ಯಾವಾಗಲೂ ಆಗಿಯೇ ಇರುತ್ತದೆ, ಮೊತ್ತ ತಪ್ಪು ಖಾತೆಗೆ ಬಿದ್ದಾಗಲೂ. ಅದರ ಜೊತೆಗೆ 'ಇವತ್ತಿಗೆ ಮುಗಿಯಿತು, ಏಳೋಣ' ಎನ್ನುವ ಕ್ಷಣವೂ ಹೋಯಿತು. ನನ್ನಂಥವರಿಗೆ ನಿಜವಾದ ಪೆಟ್ಟು ಅದೇ.

ಈಗಿನ ಕೆಲಸ ಹೇಗಿದೆ ಎಂದರೆ: ರಿಂಗ್ ರಸ್ತೆ ಬದಿಯ ಒಂದು ಬೇಕರಿಯ ಬ್ಯಾಂಕ್ ಸ್ಟೇಟ್‌ಮೆಂಟ್. 2016ರಲ್ಲಿ ಯುಪಿಐ ಬರುವ ಮೊದಲು ಅವರ ತಿಂಗಳ ಲೆಕ್ಕ ಎರಡು ಹಾಳೆ. ಈಗ ಹನ್ನೆರಡು ರೂಪಾಯಿ ಟೀ, ಹದಿನೈದು ರೂಪಾಯಿ ಪಫ್, ಮತ್ತೆ ಹನ್ನೆರಡು, ಮತ್ತೆ ಹದಿನೈದು, ಉರುಳಿಸಿದಷ್ಟೂ ಸಾಲು. ನಡುವೆ ಎಲ್ಲೋ ಅಂಗಡಿಯವನು ಭಾವಮೈದನಿಂದ ಪಡೆದ ನಲವತ್ತು ಸಾವಿರ ಕೈಸಾಲ ಕೂತಿರುತ್ತದೆ. ಅದನ್ನು ಹಿಡಿಯಬೇಕಾದವಳು ನಾನು. ಮೇಲಿಂದ ತಿಂಗಳ ಏಳಕ್ಕೆ ಟಿಡಿಎಸ್, ಹನ್ನೊಂದಕ್ಕೊಂದು ಜಿಎಸ್‌ಟಿ ರಿಟರ್ನು, ಇಪ್ಪತ್ತಕ್ಕೆ ಇನ್ನೊಂದು, ಸೆಪ್ಟೆಂಬರ್ ಬಂತೆಂದರೆ ಟ್ಯಾಕ್ಸ್ ಆಡಿಟ್.

ಇಂಥ ಕೆಲಸಕ್ಕೆ ಯಾರ ಗಮನವೂ ಬಹಳ ಹೊತ್ತು ತಾಳುವುದಿಲ್ಲ ಎಂದು 1948ರಲ್ಲೇ ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ತೋರಿಸಿದ್ದ. ರಡಾರ್ ಕಾಯುವವರು ಗುರುತು ತಪ್ಪಿಸುವುದೇಕೆ ಎಂದು ತಿಳಿಯಲು ಅಂಕಿಯಿಲ್ಲದ ಗಡಿಯಾರ ಮಾಡಿಸಿ, ಮುಳ್ಳು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರಿದಾಗ ಗುಂಡಿ ಒತ್ತಿ ಎಂದ. ಅರ್ಧ ಗಂಟೆ ದಾಟುವಷ್ಟರಲ್ಲಿ ಗಟ್ಟಿಮುಟ್ಟಾದ ಸೈನಿಕರೂ ತಪ್ಪಿಸತೊಡಗಿದರು. ನನ್ನ ಕತೆಯಲ್ಲಿ ಆ ಅರ್ಧ ಗಂಟೆ ಇನ್ನೂ ಗಿಡ್ಡ, ಅಷ್ಟೇ.

ವೈದ್ಯಶಾಸ್ತ್ರ ಎಡಿಎಚ್‌ಡಿಯನ್ನು ಗುರುತಿಸಿದ್ದು ಮಕ್ಕಳಲ್ಲಿ. ಲಂಡನ್ನಿನ ಜಾರ್ಜ್ ಸ್ಟಿಲ್ 1902ರಲ್ಲಿ ಉಪನ್ಯಾಸ ಕೊಟ್ಟದ್ದೂ ಮಕ್ಕಳ ಬಗ್ಗೆ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಗಮನದ ಕೊರತೆಯನ್ನು ಹೆಸರಿನಲ್ಲೇ ತಂದು, 1987ರಲ್ಲಿ ಇಂದಿನ ಹೆಸರು ಕೊಟ್ಟಿತು. 2013ರ ಆವೃತ್ತಿಯಲ್ಲಿ ವಯಸ್ಕರಿಗೆ ಆರರ ಬದಲು ಐದು ಲಕ್ಷಣ ಸಾಕೆಂದೂ, ಅವು ಏಳರ ಬದಲು ಹನ್ನೆರಡು ವರ್ಷದೊಳಗೆ ಕಾಣಿಸಿದ್ದರೆ ಸಾಕೆಂದೂ ಸಡಿಲಿಸಿದರು. ವೈದ್ಯರು ನನ್ನ ಶಾಲೆಯ ಅಂಕಪಟ್ಟಿ ಕೇಳಿದ್ದು ಅದಕ್ಕೇ. ಔಷಧವುಂಟು, ವೈದ್ಯರ ಚೀಟಿಯಿಲ್ಲದೆ ಸಿಗದ, ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲಿರುವ ಮೀಥೈಲ್‌ಫೆನಿಡೇಟ್. ನನಗೆ ಉಪಯೋಗವಾಗಿದೆ. ಆದರೆ ಅದು ಗಮನ ಕೊಡುತ್ತದೆಯೇ ಹೊರತು ಯಾವುದರ ಮೇಲೆ ಇಡಬೇಕೆಂದು ಹೇಳುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ, ಮಧ್ಯಾಹ್ನದವರೆಗೆ ಕಪಾಟಿನ ಫೈಲುಗಳಿಗೆಲ್ಲ ಬಹಳ ಏಕಾಗ್ರತೆಯಿಂದ ಹೊಸ ಚೀಟಿ ಅಂಟಿಸಿದ ದಿನವೂ ಉಂಟು.

ಯಾವುದರ ಮೇಲೆ ಎಂಬುದನ್ನು ಹೇಳುವುದು ಹಳೆಯ ಪದ್ಧತಿ. ನಮ್ಮಲ್ಲಿ ಈಗ ಹನ್ನೊಂದರಿಂದ ಹನ್ನೆರಡರವರೆಗೆ ಕಾಲಿಂಗ್. ಆರ್ಟಿಕಲ್ ಹುಡುಗಿ ಸ್ಟೇಟ್‌ಮೆಂಟನ್ನು ಅಚ್ಚು ಹಾಕಿ ಓದುತ್ತಾಳೆ, ಹಸಿರು ಪೆನ್ಸಿಲು ನನ್ನ ಕೈಯಲ್ಲಿ. ಅರ್ಧ ಗಂಟೆಗೆ ಸರದಿ ಬದಲು. ಮೇಜಿನ ಮೇಲೊಂದು ಚಿಟ್ಟಾ. ಫೋನಿನಲ್ಲಿ ಬಂದದ್ದು, ನೆನಪಾದದ್ದು ಎಲ್ಲ ಅದಕ್ಕೆ, ಸಂಜೆ ಕಿರ್ದಿಗೆ. ಬೇಕರಿಯ ಕೈಸಾಲ ಸಿಕ್ಕಿದ್ದು ಹೀಗೆ. ಓದುತ್ತಾ ಓದುತ್ತಾ ಅವಳ ದನಿಯೇ ತಡವರಿಸಿತು, 'ಮೇಡಂ, ಇದೇನು ಇಷ್ಟು ದೊಡ್ಡ ಪಫ್?'

ರಿಂಗ್ ರಸ್ತೆಯಾಚೆ ದೊಡ್ಡ ವಿದೇಶಿ ಬ್ಯಾಂಕೊಂದರ ಹಿಂಬದಿ ಕಚೇರಿಯಲ್ಲಿರುವ ಗೆಳತಿಗೂ ನನ್ನದೇ ತೊಂದರೆ. ಅವಳು ಪುಣೆಯ ಸಹೋದ್ಯೋಗಿಯೊಡನೆ ಕ್ಯಾಮೆರಾ ಹಾಕಿಕೊಂಡು, ಮಾತಾಡದೆ, ತಂತಮ್ಮ ಕೆಲಸ ಮಾಡುತ್ತಾ ಕೂರುತ್ತಾಳಂತೆ. ಒಬ್ಬರಾದರೂ ಓದಬೇಕು ಕಣೇ ಎಂದೆ. ಗುಟ್ಟಿನ ಅಂಕಿಗಳು, ಗಟ್ಟಿಯಾಗಿ ಓದುವಂತಿಲ್ಲ ಎಂದಳು.

ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ಪನ್ನು ಮೂರರಿಂದ ಎರಡು ವರ್ಷಕ್ಕೆ ಇಳಿಸಿದೆ. ಮಕ್ಕಳು ಬೇಗ ಸಂಪಾದನೆಗೆ ಇಳಿಯಲಿ, ತಕರಾರಿಲ್ಲ. ಆದರೆ ಎರಡು ವರ್ಷದಲ್ಲಿ ಕಾಯಿದೆ ಕಲಿಸಲಿಕ್ಕೇ ಹೊತ್ತು ಸಾಲದು; ಎದುರುಬದುರು ಕೂರಿಸಿ ಓದಿಸುವ ಗಂಟೆಯನ್ನು ಎಲ್ಲರೂ ಮೊದಲು ಕತ್ತರಿಸುತ್ತಾರೆ. ಆ ಗಂಟೆಯ ಬಿಲ್ಲು ಕಕ್ಷಿದಾರರಿಗೆ ಹಾಕುವಂತೆಯೂ ಇಲ್ಲ. ನಾನು ಅದನ್ನು ಕಚೇರಿ ಖರ್ಚಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೇನೆ.